ಆಟದ ಯಂತ್ರ: ಆಯ್ಕೆ ಮತ್ತು ಆರೈಕೆ

ಮನೆಯೊಳಗೆ ಕುಳಿತು ಆಡುವ ಆಟಕ್ಕೆ ಒಂದು ಕಾಲದಲ್ಲಿ ಬೇಕಾಗಿದ್ದುದು ಅತ್ಯಲ್ಪ. ನೆಲದ ಮೇಲೆ ಸೀಮೆಸುಣ್ಣದಿಂದ ಗೀಚಿದ ಚೌಕಗಳು, ನಾಲ್ಕು ಕವಡೆ, ಒಡೆದ ಬಳೆಯ ಚೂರುಗಳು ದೊರೆತರೆ ಚೌಕಾಬಾರದ ಸಿದ್ಧತೆ ಮುಗಿಯಿತು; ಅಳಿಗುಳಿಮಣೆಗಾದರೆ ಹಿಡಿ ಹುಣಿಸೆಬೀಜ ಸಾಕು. ಆಟವು ಟಿ.ವಿ.ಯ ಪರದೆಯನ್ನೇರಿದ ಮೇಲೆ ಗೃಹಸ್ಥನಿಗೆ ಎರಡು ಹೊಸ ಚಿಂತೆಗಳು ಅಂಟಿಕೊಂಡವು: ಯಾವ ಯಂತ್ರವನ್ನು ಕೊಳ್ಳುವುದು? ಕೊಂಡದ್ದು ಕೆಟ್ಟರೆ ಮಾಡುವುದೇನು? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಿಗೆ ಈ ಪ್ರಶ್ನೆಗಳು ಮಹಾನಗರದವರಿಗೆ ಒದಗುವ ರೂಪದಲ್ಲಿಯೇ ಒದಗುವುದಿಲ್ಲ. ಇಲ್ಲಿಯ ಬಿಸಿಲು, ಗಾಳಿ, ದೂರ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರಾಲ್ಫ್ ಬೇರ್ ಎಂಬ ಯಂತ್ರಶಿಲ್ಪಿಯ ಕಲ್ಪನೆಯಿಂದ ಮೂಡಿದ ‘ಒಡಿಸ್ಸಿ’ ೧೯೭೨ರಲ್ಲಿ ಮಾರಾಟಕ್ಕೆ ಬಂದಿತು. ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಗಳಲ್ಲಿ ಇದೇ ಮೊದಲನೆಯದು. ಅದಕ್ಕೆ ದನಿಯಿರಲಿಲ್ಲ, ಬಣ್ಣಕ್ಕಾಗಿ ಪರದೆಯ ಮೇಲೆ ಬಣ್ಣದ ಪಾರದರ್ಶಕ ಹಾಳೆಯನ್ನು ಅಂಟಿಸಬೇಕಾಗಿತ್ತು. ಪೆಟ್ಟಿಗೆಯಲ್ಲಿ ದಾಳಗಳೂ ಎಲೆಗಳೂ ಇದ್ದವು. ಹೊಸ ಆಟ ಹಳೆಯ ಆಟದ ಕೈಹಿಡಿದುಕೊಂಡೇ ಬಂದಿತೆನ್ನಬೇಕು.

ಜಪಾನಿನ ನಿಂಟೆಂಡೊ ಸಂಸ್ಥೆ ೧೯೮೩ರಲ್ಲಿ ‘ಫ್ಯಾಮಿಕಾಂ’ ಯಂತ್ರವನ್ನು ಹೊರತಂದಿತು. ತೊಂಬತ್ತರ ದಶಕದಲ್ಲಿ ನಮ್ಮ ದೇಶದ ಸಣ್ಣ ಪಟ್ಟಣಗಳಿಗೆ ಬಂದದ್ದು ಬಹುಮಟ್ಟಿಗೆ ಅದರ ಅನುಕರಣೆಗಳು. ಆಟದ ತುಂಡನ್ನು ಮಕ್ಕಳು ‘ಕ್ಯಾಸೆಟ್’ ಎಂದೇ ಕರೆದರು. ಅದರ ಮೇಲೆ ೯೯೯೯ ಆಟಗಳೆಂದು ಅಚ್ಚಾಗಿದ್ದರೂ ಒಳಗಿದ್ದುವು ಕೆಲವೇ. ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದುವು. ಯಂತ್ರ ಮುಷ್ಕರ ಹೂಡಿದರೆ ಕ್ಯಾಸೆಟ್ಟನ್ನು ತೆಗೆದು ಬಾಯಿಂದ ಊದಿ ಮತ್ತೆ ತುರುಕುವುದು ಎಲ್ಲರೂ ಬಲ್ಲ ಮದ್ದಾಗಿತ್ತು. ಗುಣವಾಗುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಹಾಕಿದ್ದರಿಂದ. ಸಂಪರ್ಕದ ಲೋಹದ ಪಟ್ಟಿಗಳು ಹೊಸದಾಗಿ ಒಂದನ್ನೊಂದು ಮುಟ್ಟುತ್ತಿದ್ದುವು. ಉಸಿರಿನ ತೇವವಾದರೋ ಕಾಲಕ್ರಮದಲ್ಲಿ ಆ ಪಟ್ಟಿಗಳನ್ನು ಕಿಲುಬು ಹಿಡಿಸುತ್ತಿತ್ತು. ಇಂದಿಗೂ ಅಂಥ ಯಂತ್ರವನ್ನು ಕಾಪಾಡಿಕೊಂಡವರು ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸೋಕಿಸಿ ಒರಸುವುದು ಲೇಸು.

ಆ ಯಂತ್ರದೊಡನೆ ಬರುತ್ತಿದ್ದ, ಹಕ್ಕಿ ಹೊಡೆಯುವ ಬಂದೂಕು ಮಾತ್ರ ಈಗಿನ ಚಪ್ಪಟೆ ಟಿ.ವಿ.ಯ ಮುಂದೆ ನಿಷ್ಪ್ರಯೋಜಕ. ಕುದುರೆಯನ್ನು ಒತ್ತಿದೊಡನೆ ಪರದೆ ಕ್ಷಣಕಾಲ ಕಪ್ಪಾಗಿ, ಹಕ್ಕಿಯಿದ್ದೆಡೆಯಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ನಳಿಕೆಯೊಳಗಿನ ಬೆಳಕಿನ ಕಣ್ಣು ಅದನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ಪಿಕ್ಚರ್ ಟ್ಯೂಬಿನ ಟಿ.ವಿ. ಆ ಚೌಕವನ್ನು ತಡವಿಲ್ಲದೆ ತೋರಿಸುತ್ತಿತ್ತು; ಹೊಸ ಪರದೆ ತುಸು ತಡಮಾಡುತ್ತದೆ. ಬಂದೂಕು ಕೆಟ್ಟಿಲ್ಲ, ಅದರ ಕಾಲ ಕಳೆದಿದೆ.

ಪರದೇಶದಿಂದ ಬಂಧುಗಳು ಉಡುಗೊರೆಯಾಗಿ ತರುವ ಹಳೆಯ ಯಂತ್ರಗಳ ವಿಷಯದಲ್ಲಿ ಮತ್ತೊಂದು ಎಚ್ಚರ ಅಗತ್ಯ. ಅಮೆರಿಕದ ವಿದ್ಯುತ್ತು ೧೨೦ ವೋಲ್ಟಿನದು, ಜಪಾನಿನದು ೧೦೦, ನಮ್ಮದು ೨೩೦. ಆ ದೇಶಗಳಿಗೆಂದೇ ಮಾಡಿದ ಅಡಾಪ್ಟರನ್ನು ನಮ್ಮ ಗೋಡೆಗೆ ಚುಚ್ಚಿದರೆ ಆಟ ಆರಂಭಕ್ಕೆ ಮುನ್ನವೇ ಮುಗಿಯುತ್ತದೆ. ಹೊಸ ಯಂತ್ರಗಳಲ್ಲಿ ಹಲವು ೧೦೦ರಿಂದ ೨೪೦ ವೋಲ್ಟಿನವರೆಗೆ ತಾಳಿಕೊಳ್ಳುತ್ತವೆ. ಆದರೂ ಬೆನ್ನ ಮೇಲಿನ ಬರಹವನ್ನು ಓದದೆ ಜೋಡಿಸಬಾರದು.

ಇನ್ನು ನಮ್ಮ ಸೀಮೆಯ ಹವೆ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ೧೯೩೩ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದುದು ೨೦೨೨ರಲ್ಲಿ. ಮಳೆಯ ಅಭಾವಕ್ಕೆ ಬೇರೆ ಸಾಕ್ಷಿ ಬೇಡ. ಗಾಳಿಗಂತೂ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಸಾಕ್ಷಿ. ಒಣನೆಲ, ಬೀಸುಗಾಳಿ ಎರಡೂ ಸೇರಿದೆಡೆ ಧೂಳು ತಪ್ಪದು. ‘ಪ್ಲೇಸ್ಟೇಷನ್ ೫’ ಯಂತ್ರಕ್ಕೆ ಅದನ್ನು ಮಾಡಿದವರೇ ವಿಧಿಸಿರುವ ಉಷ್ಣತೆಯ ಮಿತಿ ೫ರಿಂದ ೩೫ ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಪಾರ ಈ ಗಡಿಯನ್ನು ದಾಟುವುದು ಅಪರೂಪವಲ್ಲ; ಶಾಲೆಗಳಿಗೆ ರಜೆಯಿದ್ದು ಮಕ್ಕಳು ಯಂತ್ರದ ಮುಂದೆ ಕೂರುವುದೂ ಆಗಲೇ. ಆದ್ದರಿಂದ ಯಂತ್ರವನ್ನು ಗಾಜಿನ ಬೀರುವಿನಲ್ಲಿ ಪ್ರತಿಷ್ಠಾಪಿಸಬಾರದು. ಕಸೂತಿಯ ಬಟ್ಟೆಯನ್ನು ಹೊದಿಸಬಾರದು. ಸುತ್ತ ಗಾಳಿಯಾಡಲು ಗೇಣು ಜಾಗ ಬೇಕು. ತಿಂಗಳಿಗೊಮ್ಮೆ ಪ್ಲಗ್ಗನ್ನು ಕಿತ್ತು, ಕಿಂಡಿಗಳ ಧೂಳನ್ನು ಮೃದುವಾದ ಕುಂಚದಿಂದ ತೆಗೆಯಬೇಕು. ಆಟ ಬೆಳಗ್ಗೆಯೋ ಸಂಜೆಯೋ ನಡೆದರೆ ಯಂತ್ರಕ್ಕೂ ಹಿತ, ಮಕ್ಕಳಿಗೂ ಹಿತ.

ಶಾಖದ ಮಹಿಮೆಯನ್ನು ದೊಡ್ಡವರೂ ಅರಿತದ್ದು ದುಬಾರಿ ಬೆಲೆ ತೆತ್ತು. ಮೈಕ್ರೊಸಾಫ್ಟ್ ಸಂಸ್ಥೆ ೨೦೦೫ರಲ್ಲಿ ತಂದ ‘ಎಕ್ಸ್‌ಬಾಕ್ಸ್ ೩೬೦’ ಕಾದು ತಣಿಯುವ ಪುನರಾವರ್ತನೆಯಿಂದ ಒಳಗಿನ ಸೂಕ್ಷ್ಮ ಸಂಪರ್ಕಗಳು ಬಿರಿದು, ಮೂರು ಕೆಂಪು ದೀಪಗಳನ್ನು ತೋರಿಸಿ ನಿಲ್ಲತೊಡಗಿತು. ೨೦೦೭ರ ಜುಲೈಯಲ್ಲಿ ಸಂಸ್ಥೆ ಆ ದೋಷಕ್ಕೆ ಮೂರು ವರ್ಷಗಳ ಖಾತರಿ ನೀಡಿ, ರಿಪೇರಿಗೆಂದು ನೂರು ಕೋಟಿ ಡಾಲರುಗಳಿಗೂ ಹೆಚ್ಚಿನ ಹಣವನ್ನು ತೆಗೆದಿರಿಸಬೇಕಾಯಿತು.

ಯಂತ್ರ ಕೆಟ್ಟಿತೆಂದು ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಕ್ರಮವಾಗಿ ಕೆಲವನ್ನು ಪರೀಕ್ಷಿಸಬೇಕು. ಚಿತ್ರ ಬಾರದಿದ್ದರೆ ಮೊದಲು ಟಿ.ವಿ. ಸರಿಯಾದ ಕಿಂಡಿಗೆ ತಿರುಗಿದೆಯೇ ನೋಡಿ. ಅನಂತರ ಕೇಬಲನ್ನು ಬದಲಿಸಿ. ಅನಂತರ ಬೇರೊಂದು ಟಿ.ವಿ.ಗೆ ಜೋಡಿಸಿ. ‘ಪ್ಲೇಸ್ಟೇಷನ್ ೫’ ಆದರೆ ಆರಿಸಿದ ಬಳಿಕ, ಎರಡನೆಯ ಬೀಪ್ ಕೇಳುವತನಕ ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿದರೆ ಸುರಕ್ಷಾ ಸ್ಥಿತಿ ತೆರೆಯುತ್ತದೆ. ಚಿತ್ರದ ಅಳತೆಯನ್ನು ಅಲ್ಲಿ ತಿದ್ದಬಹುದು. ಕೈಯಲ್ಲಿ ಹಿಡಿಯುವ ನಿಯಂತ್ರಕದ ಕಡ್ಡಿ ಮುಟ್ಟದೆಯೇ ಸರಿದಾಡಿದರೆ ಅದು ದೆವ್ವವಲ್ಲ. ಒಳಗಿನ ಇಂಗಾಲದ ಪಟ್ಟಿ ಸವೆದಿದೆ. ೧೮೭೯ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಕಾಂತೀಯ ಪರಿಣಾಮವನ್ನು ಬಳಸುವ ಕಡ್ಡಿಗಳಲ್ಲಿ ಈ ಸವೆತವಿಲ್ಲ. ಇನ್ನು, ಆಟವನ್ನು ಯಂತ್ರ ಉಳಿಸಿಕೊಳ್ಳುತ್ತಿರುವಾಗ ಕರೆಂಟು ಹೋದರೆ ಕಡತವೇ ಹಾಳಾದೀತು, ಪುಟ್ಟ ಯು.ಪಿ.ಎಸ್. ಇದ್ದರೆ ಕ್ಷೇಮ.

ಕೊನೆಯದು ಆಯ್ಕೆಯ ಪ್ರಶ್ನೆ. ‘ಪ್ಲೇಸ್ಟೇಷನ್ ೫’ ನಮ್ಮ ದೇಶಕ್ಕೆ ೨೦೨೧ರ ಫೆಬ್ರವರಿ ೨ರಂದು ಬಂದಾಗ ಡಿಸ್ಕ್ ಹಾಕುವ ಮಾದರಿಗೆ ೪೯,೯೯೦ ರೂಪಾಯಿ, ಡಿಸ್ಕ್ ಇಲ್ಲದ ಮಾದರಿಗೆ ೩೯,೯೯೦ ರೂಪಾಯಿ. ಹತ್ತು ಸಾವಿರ ಉಳಿಯಿತೆಂದು ಹಿಗ್ಗುವುದು ಸಹಜ. ಆದರೆ ಅಂದಿನ ದೊಡ್ಡ ಆಟವೊಂದರ ಬೆಲೆಯೇ ೪,೯೯೯ ರೂಪಾಯಿ. ಉಳಿತಾಯವೆಲ್ಲ ಎರಡು ಆಟಗಳಿಗೆ ಮುಗಿಯಿತು. ಈ ನಾಲ್ಕು ಊರುಗಳಲ್ಲಿರುವ ನಾಲ್ಕು ಬಂಧುಗಳ ಮನೆಗಳನ್ನು ಊಹಿಸಿಕೊಳ್ಳಿ. ಮನೆಗೊಂದರಂತೆ ಬೇರೆ ಬೇರೆ ಆಟಗಳ ಡಿಸ್ಕನ್ನು ಕೊಂಡು, ಹಬ್ಬಕ್ಕೋ ಮದುವೆಗೋ ಸೇರಿದಾಗ ಬದಲಾಯಿಸಿಕೊಂಡರೆ ಸುಮಾರು ಇಪ್ಪತ್ತು ಸಾವಿರದಲ್ಲಿ ನಾಲ್ಕು ಮನೆಯ ಮಕ್ಕಳೂ ನಾಲ್ಕೂ ಆಟಗಳನ್ನು ಆಡಿಯಾರು. ಡಿಸ್ಕಿಲ್ಲದೆ ಪ್ರತಿ ಮನೆಯೂ ಪ್ರತ್ಯೇಕವಾಗಿ ಕೊಂಡರೆ ಅದು ಎಂಬತ್ತು ಸಾವಿರ. ಡಿಸ್ಕನ್ನು ಮಾರಬಹುದು, ಕೊಡಬಹುದು; ಅಂತರಜಾಲದಿಂದ ಇಳಿಸಿಕೊಂಡದ್ದು ಖಾತೆಗೆ ಕಟ್ಟುಬಿದ್ದಿರುತ್ತದೆ. ಅಂಗಡಿಯೂ ಶಾಶ್ವತವಲ್ಲ: ನಿಂಟೆಂಡೊ ತನ್ನ ‘ವೀ ಯು’ ಯಂತ್ರದ ಜಾಲದಂಗಡಿಯನ್ನು ೨೦೨೩ರ ಮಾರ್ಚಿಯಲ್ಲಿ ಮುಚ್ಚಿತು, ‘ಎಕ್ಸ್‌ಬಾಕ್ಸ್ ೩೬೦’ರ ಅಂಗಡಿ ೨೦೨೪ರ ಜುಲೈಯಲ್ಲಿ ಮುಚ್ಚಿತು.

ಹೆಚ್ಚು ಬಣ್ಣ, ಹೆಚ್ಚು ವೇಗ ಯಾವುದರಲ್ಲಿದೆ ಎಂದು ಮಕ್ಕಳು ಕೇಳಲಿ. ಅದು ಅವರ ಹಕ್ಕು. ಹಿರಿಯರು ಕೇಳಬೇಕಾದುವು ಮೂರು: ಇದನ್ನು ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ? ನಮ್ಮ ಬೇಸಗೆಯನ್ನು ಇದು ತಾಳೀತೆ? ಆಡಿ ಮುಗಿಸಿದ ಆಟವನ್ನು ಇನ್ನೊಬ್ಬರ ಕೈಗೆ ಕೊಡಬಹುದೆ? ಕವಡೆಗಳನ್ನು ಪಕ್ಕದ ಮನೆಯವರು ಕೇಳಿದಾಗ ಇಲ್ಲವೆಂದವರು ನಮ್ಮಲ್ಲಿ ವಿರಳ. ಆ ರೂಢಿಗೆ ಎಡೆಗೊಡುವ ಯಂತ್ರವನ್ನೇ ಆರಿಸುವುದು ಉಚಿತ.