ಒಲೆ ಹೊರದವರ ಬುತ್ತಿ

ಶುಕ್ರವಾರ ರಾತ್ರಿ ನಂದಿನಿ ಲೇಔಟಿನಿಂದ ಗೊರಗುಂಟೆಪಾಳ್ಯದ ಕಡೆ ಬಂದರೆ, ಬೆನ್ನಿಗೆ ದೊಡ್ಡ ಬ್ಯಾಗ್ ಏರಿಸಿಕೊಂಡು ಮಲೆನಾಡಿನ ಬಸ್ಸಿಗೆ ಕಾಯುವ ಹುಡುಗ ಹುಡುಗಿಯರು ಸಿಗುತ್ತಾರೆ. ಕೆಲವರ ಬ್ಯಾಗಿನಲ್ಲಿ ಗ್ಯಾಸ್ ಒಲೆ ಇರುವುದಿಲ್ಲ. ಬಡಾವಣೆಯ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕೊಂಡ ಗೊಜ್ಜವಲಕ್ಕಿ ಪುಡಿ, ಬಿಗಿ ಮುಚ್ಚಳದ ಡಬ್ಬಿ, ಅಷ್ಟೇ.

ಒಲೆ ಬಿಟ್ಟು ನಡೆಯುವವರು ಬೇರೆಡೆಯೂ ಇದ್ದಾರೆ. ಅಮೆರಿಕದಲ್ಲಿ ಸುಮಾರು 3,500 ಕಿ.ಮೀ. ಉದ್ದದ ಅಪಲಾಚಿಯನ್ ಹಾದಿಯನ್ನು ತಿಂಗಳುಗಟ್ಟಲೆ ನಡೆಯುವವರಲ್ಲಿ ಕೆಲವರು ಹೊರೆ ಇಳಿಸಲೆಂದು ಒಲೆ ಬಿಟ್ಟರು. ಓಟ್ಸನ್ನೋ ನೂಡಲ್ಸನ್ನೋ ತಣ್ಣೀರಿನಲ್ಲಿ ನೆನೆಸಿ ತಿನ್ನುತ್ತಾರೆ. ನಮ್ಮಲ್ಲಿ ತಣ್ಣೀರಿನಲ್ಲಿ ನೆನೆಯುವ ಗೊಜ್ಜವಲಕ್ಕಿಗೆ ಬೇರೆಯದೇ ಹುಟ್ಟು. ಒಪ್ಪೊತ್ತಿನ ದಿನ ಅನ್ನದ ಬದಲು ಹುಣಸೆ, ಬೆಲ್ಲ, ಸಾರಿನ ಪುಡಿಯ ನೀರಿಗೆ ತರಿ ಅವಲಕ್ಕಿ ಹಾಕುವ ಮನೆಗಳಲ್ಲಿ ಅದು ಬೆಳೆಯಿತು.

ಅವಲಕ್ಕಿಗೆ ತಣ್ಣೀರು ಸಾಕಾಗುವುದಕ್ಕೆ ಕಾರಣವಿದೆ. ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟುತ್ತಾರೆ. ಅಕ್ಕಿಯ ಪಿಷ್ಟ ಆಗಲೇ ಬೆಂದಿರುತ್ತದೆ. ಆಮೇಲೆ ಬೇಕಾದದ್ದು ನೀರು ಮಾತ್ರ. ಹುರಿಹಿಟ್ಟಿನ ಗುಟ್ಟೂ ಇದೇ. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರ ಗಂಟಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೂ ಮನೆಯ ಬೆಂಕಿಯಲ್ಲೇ ಕೆಲಸ ಮುಗಿಸಿ ಹೊರಟಂಥವು. ರೊಟ್ಟಿಯಲ್ಲಿ ನೀರಿನಂಶ ಉಳಿಯದ್ದರಿಂದ ಬೂಸಲು ಹಿಡಿಯುವುದಿಲ್ಲ. ಸೈನಿಕರ ಬುತ್ತಿಗಾಗಿ 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ತಿಂಗಳುಗಟ್ಟಲೆ ಕೆಡದ ಚಪಾತಿಯನ್ನು ರೂಪಿಸಿತು.

ಬೆಟ್ಟದಲ್ಲಿ ಒಲೆ ಬೇಡವೆನ್ನಲು ಭಾರಕ್ಕಿಂತ ದೊಡ್ಡ ಕಾರಣ ಕಾಡು. ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಫೆಬ್ರುವರಿಯ ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಇಡೀ ಗುಡ್ಡ ಹೋಗುತ್ತದೆ. ನನ್ನ ಮಟ್ಟಿಗೆ ವಾದ ಅಲ್ಲಿಗೇ ಮುಗಿಯಿತು.

ಹಾಗೆಂದು ಬಿಸಿ ಊಟವನ್ನು ಹಳಿಯುವಂತಿಲ್ಲ. 1,712 ಮೀಟರಿನ ಕುಮಾರಪರ್ವತ ಹತ್ತಿಳಿದವರಿಗೆ ದಾರಿಯ ನಡುವಿನ ಗಿರಿಗದ್ದೆಯ ಭಟ್ಟರ ಮನೆಯ ಅನ್ನ ಸಾರು ಎಂಥದ್ದೆಂದು ಗೊತ್ತು.

ಒಲೆಯಿಲ್ಲದೆ ಮಾಡುವ ಕ್ರಮ ಇಷ್ಟು: ಡಬ್ಬಿಗೆ ಗೊಜ್ಜವಲಕ್ಕಿ ಪುಡಿ, ಕೊಬ್ಬರಿ ತುರಿ, ಹುರಿದ ಕಡಲೆಬೀಜ ಹಾಕಿ, ಮುಳುಗುವಷ್ಟೇ ನೀರು ಬಿಡಿ. ಹೆಚ್ಚಾದರೆ ಮುದ್ದೆಯಾಗುತ್ತದೆ. ಕಾಲು ಗಂಟೆ ಬಿಟ್ಟು ಬೆರಳಲ್ಲಿ ಹಿಚುಕಿದರೆ ತರಿ ಮೆತ್ತಗಾಗಿರಬೇಕು. ಈ ಊಟದಲ್ಲಿ ನೀರು ಕುದಿಯುವುದೇ ಇಲ್ಲವಾದ್ದರಿಂದ, ಹಳ್ಳದ ನೀರಾದರೆ ಫಿಲ್ಟರಿನಲ್ಲಿ ಸೋಸಿಯೋ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾದೋ ಬಳಸಬೇಕು. ನೆನೆಸಿದ್ದನ್ನು ಮರುಹೊತ್ತಿಗೆ ಇಡಬಾರದು.