ಕ್ಯೂಆರ್ ಫಲಕವೂ ವರ್ತಕರ ದಿನವಹಿಯೂ

2016ರಲ್ಲಿ ಆರಂಭವಾದ ಯುಪಿಐ ಪಾವತಿ ಇಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಣ್ಣ ಅಂಗಡಿಗಳನ್ನೂ ತಲುಪಿದೆ. ಗ್ರಾಹಕರಿಗೆ ಚಿಲ್ಲರೆಯ ಚಿಂತೆ ತಪ್ಪಿದೆ. ವರ್ತಕರ ವಹಿವಾಟು ದಾಖಲೆಯಾಗಿ ಉಳಿಯುತ್ತಿದೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಇಂತಹ ದಾಖಲೆಗಳ ಆಧಾರದಲ್ಲಿ ಸಣ್ಣ ವರ್ತಕರಿಗೆ ನೀಡಿದ ನೋಟಿಸುಗಳು ಸುದ್ದಿಯಾದಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಬರಹ ಕಾಣಿಸಿಕೊಂಡಿತು. ಇದು ಪರಿಹಾರವಲ್ಲ. ಸರಕಿಗೆ ವಾರ್ಷಿಕ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಗಳ ಜಿಎಸ್‌ಟಿ ನೋಂದಣಿ ಮಿತಿಯು ನಗದು ವ್ಯಾಪಾರಕ್ಕೂ ಅನ್ವಯಿಸುತ್ತದೆ.

ಆದರೆ ಖಾತೆಗೆ ಬಂದ ಹಣವೆಲ್ಲವೂ ತೆರಿಗೆಗೊಳಪಡುವ ಮಾರಾಟವಲ್ಲ. ತಾಜಾ ತರಕಾರಿ, ಹಾಲಿಗೆ ವಿನಾಯಿತಿ ಉಂಟು. ಕೈಸಾಲ ಮಾರಾಟವೇ ಅಲ್ಲ. ಇದನ್ನು ರುಜುವಾತುಪಡಿಸಲು ಖರೀದಿ ಬಿಲ್ಲು, ದಿನವಹಿ ಅವಶ್ಯ. ವರ್ತಕ ಬಾಂಧವರು ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಿಸಿ, ಪ್ರತಿ ತಿಂಗಳು ಮೊತ್ತ ಕೂಡಿ ನೋಡಿ, ಮಿತಿ ಸಮೀಪಿಸುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣುವುದು ಹಿತ.