ಚಿನೂಕ್ ಸಾರಿಗೆ ಹೆಲಿಕಾಪ್ಟರ್: ಹಿನ್ನೆಲೆ ಹಾಗೂ ಬಿಡಿಭಾಗಗಳ ಕುರಿತು ಮಾಹಿತಿ

ಸೈನಿಕರನ್ನು, ಫಿರಂಗಿಗಳನ್ನು ಹಾಗೂ ಭಾರಿ ಸರಕನ್ನು ಸಾಗಿಸುವ ಸಲುವಾಗಿ ಅಮೆರಿಕದಲ್ಲಿ ರೂಪಿಸಲಾದ ಚಿನೂಕ್ ಹೆಲಿಕಾಪ್ಟರ್ 1961ರ ಸೆಪ್ಟೆಂಬರ್ 21ರಂದು ಮೊದಲ ಬಾರಿಗೆ ಹಾರಾಟ ನಡೆಸಿತು. ಭಾರತೀಯ ವಾಯುಪಡೆಯು 2015ರ ಒಪ್ಪಂದದನ್ವಯ ಇಂತಹ 15 ಹೆಲಿಕಾಪ್ಟರ್‌ಗಳನ್ನು ಪಡೆದುಕೊಂಡಿದ್ದು, ಮೊದಲ ನಾಲ್ಕನ್ನು 2019ರ ಮಾರ್ಚ್ 25ರಂದು ಚಂಡೀಗಢದಲ್ಲಿ ಸೇವೆಗೆ ಸೇರಿಸಿಕೊಳ್ಳಲಾಯಿತು.

ಇದರ ಮುಂಭಾಗದಲ್ಲಿ ಒಂದು ಹಾಗೂ ಹಿಂಭಾಗದಲ್ಲಿ ಒಂದು ರೋಟರ್ ಇದ್ದು, ಇವೆರಡೂ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಆದುದರಿಂದ ಬಾಲದ ರೋಟರಿನ ಅವಶ್ಯಕತೆ ಇರುವುದಿಲ್ಲ; ಎಂಜಿನ್‌ಗಳ ಶಕ್ತಿಯನ್ನು ಭಾರ ಎತ್ತುವುದಕ್ಕೆ ಬಳಸಬಹುದಾಗಿದೆ. ಆದರೆ ಈ ಅನುಕೂಲದೊಡನೆ ಒಂದು ಅಪಾಯವೂ ಇದೆ. ಪ್ರತಿ ರೋಟರಿನ ವ್ಯಾಸ ಸುಮಾರು 18 ಮೀಟರ್. ಎರಡರ ಕೇಂದ್ರಗಳ ನಡುವಿನ ಅಂತರ ಸುಮಾರು 12 ಮೀಟರ್ ಮಾತ್ರ. ಅರ್ಥಾತ್, ಒಂದರ ಅಲಗುಗಳು ಮತ್ತೊಂದರ ಅಲಗುಗಳ ನಡುವೆ ಹಾದುಹೋಗುತ್ತವೆ. ಅವು ಪರಸ್ಪರ ತಗುಲದಂತೆ ಕಾಯುವುದು ಗೇರ್ ಬಾಕ್ಸ್‌ಗಳು ಹಾಗೂ ಹೆಲಿಕಾಪ್ಟರ್‌ನ ಬೆನ್ನಿನುದ್ದಕ್ಕೂ ಸಾಗುವ ಶಾಫ್ಟ್. ಒಂದು ಎಂಜಿನ್ ನಿಂತರೆ ಉಳಿದ ಎಂಜಿನ್ ಎರಡೂ ರೋಟರ್‌ಗಳನ್ನು ತಿರುಗಿಸಬಲ್ಲದು. ಈ ಜೋಡಣೆ ತಪ್ಪಿದರೆ ಮಾತ್ರ ಬದಲಿ ವ್ಯವಸ್ಥೆ ಇರುವುದಿಲ್ಲ.

1982ರ ಸೆಪ್ಟೆಂಬರ್ 11ರಂದು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಅಮೆರಿಕ ಸೇನೆಯ ಚಿನೂಕ್ ಪತನಗೊಂಡು 46 ಮಂದಿ ಮೃತಪಟ್ಟರು. ಗೇರ್ ಬಾಕ್ಸನ್ನು ಶುಚಿಗೊಳಿಸಲು ಬಳಸಿದ್ದ ಅಕ್ರೋಟು ಚಿಪ್ಪಿನ ಪುಡಿಯು ಒಳಗೇ ಉಳಿದು, ಎಣ್ಣೆ ಹಾಯುವ ಸಣ್ಣ ರಂಧ್ರಗಳನ್ನು ಮುಚ್ಚಿದ್ದುದು ತನಿಖೆಯಿಂದ ತಿಳಿದುಬಂದಿತು. 1986ರ ನವೆಂಬರ್ 6ರಂದು ಸ್ಕಾಟ್ಲೆಂಡಿನ ಸಂಬರ್ಗ್ ಸಮೀಪ ಇದೇ ಹೆಲಿಕಾಪ್ಟರ್‌ನ ನಾಗರಿಕ ಮಾದರಿಯೊಂದು ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 47 ಮಂದಿಯ ಪೈಕಿ 45 ಮಂದಿ ಅಸುನೀಗಿದರು. ಮುಂಭಾಗದ ಗೇರ್ ಬಾಕ್ಸಿನಲ್ಲಿ ಅಳವಡಿಸಲಾಗಿದ್ದ, ಮಾರ್ಪಾಡು ಮಾಡಿದ ಉಂಗುರಾಕಾರದ ಗೇರ್ ಮುರಿದು ಅಲಗುಗಳು ಡಿಕ್ಕಿ ಹೊಡೆದಿದ್ದವು. ಈ ಮಾರ್ಪಾಡನ್ನು ಸಾಕಷ್ಟು ಪರೀಕ್ಷಿಸದೆಯೇ ಬಳಕೆಗೆ ತರಲಾಗಿತ್ತು. ಹೊಸ ಭಾಗವೆಂದ ಮಾತ್ರಕ್ಕೆ ಅದು ಉತ್ತಮ ಭಾಗವಾಗಿರಬೇಕೆಂದಿಲ್ಲ.

ತೀರಾ ಅಲ್ಪ ಬೆಲೆಯ ಭಾಗವೂ ಇದಕ್ಕೆ ಹೊರತಲ್ಲ. ಇಂಧನ ಸೋರಿಕೆಯನ್ನು ತಡೆಯುವ ಓ-ರಿಂಗ್ ಎಂಬ ಪುಟ್ಟ ಬಳೆಗಳು ನಿಗದಿತ ಮಾನದಂಡಕ್ಕೆ ಹೊಂದದೆ ಕೆಲವು ಎಂಜಿನ್‌ಗಳಲ್ಲಿ ಬೆಂಕಿ ಕಾಣಿಸಿಕೊಂಡ ಕಾರಣ, 2022ರ ಆಗಸ್ಟ್‌ನಲ್ಲಿ ಅಮೆರಿಕ ಸೇನೆಯು ಸುಮಾರು 400 ಚಿನೂಕ್‌ಗಳ ಹಾರಾಟವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿತು. ಯಾರಿಗೂ ಗಾಯಗಳಾಗಲಿಲ್ಲ.

ಈ ಕಾರಣದಿಂದ ಬಿಡಿಭಾಗವನ್ನು ಕೇವಲ ಅಳತೆ ಹಾಗೂ ಆಕಾರ ನೋಡಿ ಸ್ವೀಕರಿಸಲಾಗುವುದಿಲ್ಲ. ಅದರ ಭಾಗಸಂಖ್ಯೆ, ತಯಾರಕರ ಪ್ರಮಾಣಪತ್ರ ಹಾಗೂ ಆಯುಷ್ಯ ಗೊತ್ತುಪಡಿಸಿದ ಭಾಗಗಳಾದಲ್ಲಿ ಈವರೆಗೆ ಹಾರಿದ ಗಂಟೆಗಳ ದಾಖಲೆಯನ್ನು ಪರಿಶೀಲಿಸಲಾಗುತ್ತದೆ. ದಾಖಲೆ ಕಳೆದುಹೋದ ಭಾಗವು ನೋಡಲು ಹೊಸದರಂತಿದ್ದರೂ ಹಾರಾಟಕ್ಕೆ ಯೋಗ್ಯವೆಂದು ಪರಿಗಣಿಸಲ್ಪಡುವುದಿಲ್ಲ.

ಚಿನೂಕ್‌ನ ಎಲ್ಲ ಭಾಗಗಳೂ ಅಮೆರಿಕದಲ್ಲಿಯೇ ತಯಾರಾಗುವುದಿಲ್ಲ. ಹಿಂದಿನ ರೋಟರನ್ನು ಹೊರುವ ಗೋಪುರದಂತಹ ಭಾಗ ಹಾಗೂ ಸರಕು ಏರಿಸುವ ಹಿಂಬಾಗಿಲಿನ ಇಳಿಜಾರು ಹಲಗೆಯ ಜೋಡಣೆಗಳನ್ನು ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್ ಸಂಸ್ಥೆಯು ತಯಾರಿಸಿ ಬೋಯಿಂಗ್ ಸಂಸ್ಥೆಗೆ ಪೂರೈಸಿದೆ. ಮೇಲೆ ತಿಳಿಸಿದ ದಾಖಲೆಗಳ ನಿಯಮವು ಇಂತಹ ಭಾಗಗಳಿಗೂ ಅನ್ವಯಿಸುತ್ತದೆ.